ಬೆನ್ನೆಲುಬು, ಯಂತ್ರಹಸ್ತ ಮತ್ತು ನಮ್ಮ ಮಾತು

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಹಬ್ಬದ ದಿನ ಸೊಂಟನೋವಿನ ಮಾತೇಕೆಂದು ತಾವು ಕೇಳಬಹುದು. ನಾವು ವೈದ್ಯರಲ್ಲ, ಊರಿನಿಂದ ಬಂದ ಹಿರಿಯರನ್ನು ಕರೆದುಕೊಂಡು ಆಸ್ಪತ್ರೆಯ ಜಗಲಿಯಲ್ಲಿ ಕಾದು ಕುಳಿತವರು. ಅಹಮದಾಬಾದು, ವಡೋದರ, ಸೂರತ್ತುಗಳಲ್ಲಿ ಹೋಟೆಲಿನ ಒಲೆಯ ಮುಂದೆ ನಿಂತವರಿಗೂ ಕಚೇರಿಯ ಮೇಜಿಗೆ ಬಾಗಿದವರಿಗೂ ಈ ನೋವು ಹೊಸದಲ್ಲ.

ಬೆನ್ನೆಲುಬಿನಲ್ಲಿ ಚಲಿಸಬಲ್ಲ 24 ಮಣಿಗಳಿವೆ. ಅವುಗಳಿಗೆ ಮೆತ್ತೆಯಾಗಿ 23 ಬಿಲ್ಲೆಗಳಿವೆ. ಬಿಲ್ಲೆಯೊಂದು ಹೊರಚಾಚಿ ನರವನ್ನೊತ್ತಿದರೆ ನೋವು ಸೊಂಟದಿಂದ ಕಾಲಿಗಿಳಿಯುತ್ತದೆ. ಇದಕ್ಕೆ ಶಸ್ತ್ರಕ್ರಿಯೆಯಿಂದ ಪರಿಹಾರವುಂಟೆಂದು ಅಮೇರಿಕಾದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು 1934ರಲ್ಲಿ ತೋರಿಸಿಕೊಟ್ಟರು. ಆಗ ಬೆನ್ನನ್ನು ಉದ್ದಕ್ಕೆ ಸೀಳಿ, ಸ್ನಾಯುಗಳನ್ನು ಎಲುಬಿನಿಂದ ಬಿಡಿಸಬೇಕಾಗುತ್ತಿತ್ತು. 1970ರ ದಶಕದಲ್ಲಿ ಸೂಕ್ಷ್ಮದರ್ಶಕವು ನೆರವಿಗೆ ಬಂದಿತು. 1997ರಲ್ಲಿ ಫೋಲಿ ಮತ್ತು ಸ್ಮಿತ್ ಎಂಬವರು, ಸ್ನಾಯುವನ್ನು ಕೊಯ್ಯದೆ ಮೆಲ್ಲನೆ ಸರಿಸಿ, ಸುಮಾರು ಎರಡು ಸೆಂಟಿಮೀಟರಿನ ನಳಿಗೆಯೊಳಗಿಂದ ಕೆಲಸ ಮಾಡುವ ಕ್ರಮವನ್ನು ವಿವರಿಸಿದರು. ಗಾಯ ಕಿರಿದಾದಷ್ಟೂ ರಕ್ತನಷ್ಟ ಕಡಿಮೆ. ರೋಗಿ ಬೇಗನೆ ಎದ್ದು ನಡೆಯುವನು.

ಇನ್ನು ಯಂತ್ರಹಸ್ತ. 2018ರಲ್ಲಿ ಡಾ. ತೇಜಸ್ ಪಟೇಲರು ಗಾಂಧಿನಗರದ ಅಕ್ಷರಧಾಮದಲ್ಲಿ ಕುಳಿತು, ಸುಮಾರು 32 ಕಿಲೋಮೀಟರು ದೂರದ ಅಹಮದಾಬಾದಿನಲ್ಲಿ ಮಲಗಿದ್ದ ರೋಗಿಯ ಹೃದಯನಾಳಕ್ಕೆ ಯಂತ್ರದ ಮೂಲಕ ಚಿಕಿತ್ಸೆ ಮಾಡಿದುದು ಜಗತ್ತಿಗೆಲ್ಲ ಸುದ್ದಿಯಾಯಿತು. ಬೆನ್ನಿನ ಯಂತ್ರ ಬೇರೆ ಬಗೆಯದು. ಇಸ್ರೇಲಿನ ಸ್ಪೈನ್‌ಅಸಿಸ್ಟ್ ಎಂಬ ಯಂತ್ರಕ್ಕೆ 2004ರಲ್ಲಿ ಅಮೇರಿಕಾದ ಅನುಮತಿ ದೊರೆಯಿತು. ಸಿ.ಟಿ. ಚಿತ್ರವನ್ನು ನೋಡಿ ವೈದ್ಯರು ಮೊದಲೇ ನಕ್ಷೆ ಹಾಕುತ್ತಾರೆ. ಮಣಿಗೆ ತಿರುಪುಮೊಳೆ ಹಾಕಬೇಕಾದಾಗ ಯಂತ್ರವು ಅದರ ದಾರಿ, ಕೋನಗಳನ್ನು ತಪ್ಪದಂತೆ ಹಿಡಿದು ತೋರಿಸುತ್ತದೆ. ಮೊಳೆಯ ಪಕ್ಕದಲ್ಲೇ ನರವಿರುವುದರಿಂದ ಇದು ದೊಡ್ಡ ಉಪಕಾರ. ಆದರೆ ಕೊಯ್ಯುವುದು ವೈದ್ಯರ ಕೈ. ಕೊಯ್ಯಬೇಕೆ ಬೇಡವೆ ಎಂದು ನಿರ್ಧರಿಸುವುದು ಅವರ ಬುದ್ಧಿ.

ಬಿಲ್ಲೆ ಜಾರಿ ಕಾಲುನೋವು ಬಂದವರಲ್ಲಿ ಹೆಚ್ಚಿನವರು ಔಷಧಿ, ವ್ಯಾಯಾಮಗಳಿಂದ ಕೆಲವು ವಾರಗಳಲ್ಲೇ ಚೇತರಿಸಿಕೊಳ್ಳುವರು. ಆದುದರಿಂದ ಯಂತ್ರದ ಹೆಸರಿಗೆ ಮರುಳಾಗಿ ಓಡುವುದೂ ತರವಲ್ಲ. ಕತ್ತಿಯ ಹೆಸರಿಗೆ ಹೆದರಿ ಮನೆಯಲ್ಲೇ ನರಳುವುದೂ ತರವಲ್ಲ. ಕಾಲು ಬಲಗುಂದಿದರೆ, ಕುಳಿತುಕೊಳ್ಳುವ ಭಾಗ ಮರಗಟ್ಟಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಒಂದು ದಿನವೂ ಕಾಯಬಾರದು.

ಇಲ್ಲಿಯೇ ನಮ್ಮ ಭಾಷೆಯ ಪ್ರಶ್ನೆ ಬರುವುದು. ಊರಿನಿಂದ ಮಗನ ಮನೆಗೆ ಬಂದಿದ್ದ ತಾಯಿಯೊಬ್ಬರನ್ನು ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆವು. ವೈದ್ಯರು ವಿನಯದಿಂದ ‘ಕ್ಯಾಂ ದುಖೇ ಛೇ?’ ಎಂದರು. ಎಲ್ಲಿ ನೋವು ಎಂಬುದು ಅದರ ಅರ್ಥ. ತಾಯಿ, ‘ದುಃಖವೇನೂ ಇಲ್ಲಪ್ಪ, ಮಗ ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾರೆ’ ಎಂದರು! ಕಾಲಿಗೆ ‘ಖಾಲಿ’ ಏರುವುದೇ ಎಂದು ಕೇಳಿದಾಗ, ಅದು ನಮ್ಮ ‘ಜೋಮು’ ಎಂದು ಆಕೆಗೆ ಹೊಳೆಯುವುದಾದರೂ ಹೇಗೆ? ನಾವು ನಕ್ಕೆವು. ಆದರೆ ಮೂತ್ರದ ಹಿಡಿತ ತಪ್ಪಿದ್ದನ್ನು ಆಕೆ ಮಗನೆದುರು ಹೇಳಲು ನಾಚಿದ್ದರು. ನಮ್ಮೊಡನಿದ್ದ ಅಕ್ಕನೊಬ್ಬರು ಬದಿಗೆ ಕರೆದು ಕನ್ನಡದಲ್ಲಿ ಕೇಳಿದ ಮೇಲೆ ಸಂಗತಿ ಹೊರಬಿತ್ತು. ಆ ರಾತ್ರಿಯೇ ಶಸ್ತ್ರಕ್ರಿಯೆಯಾಯಿತು. ಈಗ ಆಕೆ ಕೋಲು ಹಿಡಿದು ನಡೆಯುತ್ತಾರೆ. ಅಲ್ಲಿ ಯಂತ್ರಹಸ್ತವಿರಲಿಲ್ಲ. ಕಾಲು ಉಳಿಸಿದ್ದು ವೈದ್ಯರ ಕೈ, ಮತ್ತು ಹೊತ್ತಿಗೆ ಬಂದ ಒಂದು ತಾಯ್ನುಡಿಯ ಮಾತು.

ಅಹಮದಾಬಾದಿನ ಸಿವಿಲ್ ಆಸ್ಪತ್ರೆಯ ಆವರಣದಲ್ಲಿ ಬೆನ್ನೆಲುಬಿಗೆಂದೇ ಸರಕಾರಿ ಸಂಸ್ಥೆಯಿದೆ. ವಡೋದರದಲ್ಲಿ ಸಯಾಜಿರಾವ್ ಆಸ್ಪತ್ರೆ, ಸೂರತ್ತಿನಲ್ಲಿ ನ್ಯೂ ಸಿವಿಲ್ ಆಸ್ಪತ್ರೆಗಳಿವೆ. ಚಿತ್ರ ತೆಗೆಯುವ ಯಂತ್ರವು ಎಲುಬನ್ನು ಕಾಣಬಲ್ಲುದು. ಉರಿಯೆ, ಸೆಳೆತವೆ, ಜೋಮೆ ಎಂಬುದನ್ನು ರೋಗಿಯೇ ಹೇಳಬೇಕು. ಆದುದರಿಂದ ಗುಜರಾತಿ ಬಲ್ಲ ನಾಲ್ವರು, ಅವರಲ್ಲಿ ಇಬ್ಬರಾದರೂ ಸ್ತ್ರೀಯರು, ಹಿರಿಯರೊಡನೆ ಆಸ್ಪತ್ರೆಗೆ ಹೋಗಲು ಸಿದ್ಧರೆಂದು ಪ್ರತಿ ಊರಿನ ಸಂಘವೂ ಒಂದು ಪಟ್ಟಿ ಮಾಡಲಿ. ನಾಡಹಬ್ಬದ ದಿನ ನಾವು ಕನ್ನಡಕ್ಕೆ ಸಲ್ಲಿಸಬಹುದಾದ ಸೇವೆಗಳಲ್ಲಿ ಇದೂ ಒಂದೆಂದು ಬಿನ್ನವಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.