ಕಾಲು ವಾಸಿಯಾಯಿತು, ಭಯ ವಾಸಿಯಾಗಬೇಕಿತ್ತು

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸದಸ್ಯೆಯೊಬ್ಬರು ಆಡಿದ ಮಾತುಗಳು)



ಮೈಕು ಹಿಡಿದು ಮಾತಾಡಿ ನಮಗೆ ಅಭ್ಯಾಸ ಇಲ್ಲ. ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಓದಿ ಗೊತ್ತು, ಅಷ್ಟೆ. ಆದರೆ ನಮ್ಮ ಕಾರ್ಯಕರ್ತೆ, "ನಿಮ್ಮ ಮಗನ ವಿಷಯ ಹೇಳಿ, ನಾಲ್ಕು ಜನ ತಾಯಂದಿರಿಗೆ ಉಪಯೋಗ ಆಗ್ತದೆ" ಅಂದರು. ಅದಕ್ಕೆ ಒಪ್ಪಿಕೊಂಡೆವು. ನಾವು ಅಂತ ಹೇಳುವಾಗ ಗಂಡ ಹೆಂಡತಿ ಇಬ್ಬರೂ ಅಂತ ತಿಳಿದುಕೊಳ್ಳಿ. ಮಗನ ವಿಷಯದಲ್ಲಿ ಅತ್ತಿದ್ದೂ ಇಬ್ಬರೂ, ತಪ್ಪಿದ್ದೂ ಇಬ್ಬರೂ.

ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಒಂದೂವರೆ ಎಕರೆ ಖುಷ್ಕಿ ಜಮೀನು. ರಾಗಿ, ಆಲೂಗಡ್ಡೆ ಬೆಳೆಯುತ್ತೇವೆ. ಎರಡು ಹಸು ಇವೆ, ಡೇರಿಗೆ ಹಾಲು ಹಾಕುತ್ತೇವೆ. ಮಕ್ಕಳಲ್ಲಿ ಹಿರಿಯವನು ಈ ಹುಡುಗ. 2024ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರ, ಸ್ನೇಹಿತನ ಬೈಕಿನ ಹಿಂದೆ ಕೂತು ಟ್ಯೂಷನ್ನಿಂದ ಬರ್ತಿದ್ದ. ತಿರುವಿನಲ್ಲಿ ಮುಂದಿನ ಗಾಡಿ ಹಿಂದೆ ಹಾಕಲು ಬಂದ ಗೂಡ್ಸ್ ಗಾಡಿ ಗುದ್ದಿತು. ಬೈಕ್ ಓಡಿಸುತ್ತಿದ್ದ ಹುಡುಗ ಹೆಲ್ಮೆಟ್ ಹಾಕಿದ್ದ, ತರಚಿದ ಗಾಯದಲ್ಲಿ ಉಳಿದುಕೊಂಡ. ನಮ್ಮವನ ತಲೆ ಮೇಲೆ ಏನೂ ಇರಲಿಲ್ಲ. "ಹತ್ತಿರ ತಾನೆ" ಅಂತ ಹೋಗಿದ್ದ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಅನ್ನೋದು ನಮ್ಮ ರಾಜ್ಯದಲ್ಲಿ 2016ರಿಂದ ಇದೆ. ನಮಗೂ ಗೊತ್ತಿತ್ತು. ಪೊಲೀಸರು ಹಿಡಿಯುವ ಊರಿಗೆ ಹೋಗುವಾಗ ಮಾತ್ರ ಹಾಕಬೇಕು ಅಂದುಕೊಂಡಿದ್ದೆವು.

ಬಲಗಾಲಿನ ತೊಡೆಮೂಳೆ ಮುರಿದಿತ್ತು. ತಲೆ ಒಳಗೆ ಸ್ವಲ್ಪ ರಕ್ತ ಕಟ್ಟಿತ್ತು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬರು 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವ ತನಕ ಕಾಲು ಅಲುಗಾಡದ ಹಾಗೆ ನೋಡಿಕೊಂಡರಂತೆ. ಅವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಅಕ್ಕಂದಿರೇ, ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ "ನಮಗ್ಯಾಕೆ ಪೊಲೀಸ್ ಕೇಸು" ಅಂತ ಮುಖ ತಿರುಗಿಸಬೇಡಿ. ಸಹಾಯ ಮಾಡಿದವರನ್ನು ಕಾಪಾಡಲು 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಲ್ಲೇ ದಾರಿ ಮಾಡಿದ್ದಾರೆ. ಹೆಸರು ಹೇಳಿ ಅಂತ ಅವರನ್ನು ಬಲವಂತ ಮಾಡುವ ಹಾಗಿಲ್ಲ.

ತೊಡೆಗೆ ರಾಡ್ ಹಾಕಿದರು. ಬಿ.ಪಿ.ಎಲ್. ಕಾರ್ಡು ಇದ್ದದ್ದರಿಂದ ಆಪರೇಷನ್ನಿನ ದೊಡ್ಡ ಖರ್ಚು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಹೋಯಿತು. ಆದರೆ ಹೊರಗಿನ ಔಷಧಿ, ಓಡಾಟ, ಊಟ, ಹೋದ ಕೂಲಿ, ಇವಕ್ಕೆ ಯಾವ ಯೋಜನೆ? ಸಂಘದವರು ಆಸ್ಪತ್ರೆಗೇ ಬಂದು ಠರಾವಿಗೆ ಸಹಿ ಹಾಕಿಸಿಕೊಂಡು 20,000 ರೂಪಾಯಿ ಸಾಲ ಕೊಟ್ಟರು. ನೂರಕ್ಕೆ ಒಂದು ರೂಪಾಯಿ ಬಡ್ಡಿ, ಇಪ್ಪತ್ತು ಕಂತು. ಅದು ತೀರಿದೆ. ಆ ಹನ್ನೆರಡು ದಿನ ನಮ್ಮ ಹಸುವಿಗೆ ಹುಲ್ಲು ಹಾಕಿ ಹಾಲು ಕರೆದ ತಂಗಿಯರ ಋಣ ತೀರುವುದಿಲ್ಲ.

ಮನೆಗೆ ಬಂದ ಮೇಲೆ ಇನ್ನೊಂದು ಕಷ್ಟ ಶುರುವಾಯಿತು. ಮೂಳೆ ಎಕ್ಸ್‌ರೇಯಲ್ಲಿ ಕಾಣ್ತದೆ, ತಲೆಯ ಪೆಟ್ಟು ಕಾಣೋದಿಲ್ಲ. ಹುಡುಗ ಹೇಳಿದ್ದನ್ನು ಮರೀತಿದ್ದ. ಅರ್ಧ ಗಂಟೆ ಓದಿದರೆ ತಲೆ ಹಿಡಕೊಂಡು ಮಲಗುತ್ತಿದ್ದ. ಟೀವಿ ಸದ್ದಿಗೆ ರೇಗುತ್ತಿದ್ದ, ಒಂದು ದಿನ ತಟ್ಟೆ ಎಸೆದ. ನಾವು "ಕೂತು ತಿಂದು ಸೋಮಾರಿಯಾದ, ಕೊಬ್ಬು ಬಂತು" ಅಂತ ಬೈದೆವು. ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರು ಹೇಳಿದರು: "ತಲೆಗೆ ಪೆಟ್ಟು ಬಿದ್ದವರಿಗೆ ಮರೆವು, ಸುಸ್ತು, ಸಿಟ್ಟು ಕೆಲವು ತಿಂಗಳು ಇರಬಹುದು. ಅದು ಅವನ ಸ್ವಭಾವ ಅಲ್ಲ, ಗಾಯ. ಓದೋದನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ." ಆ ದಿನ ಬಸ್ಸಿನಲ್ಲಿ ಬರುವಾಗ ನಮಗೆ ಅವನ ಮುಖ ನೋಡೋಕೆ ಆಗಲಿಲ್ಲ. ಗಾಯಕ್ಕೆ ಬೈದಿದ್ದೆವಲ್ಲ ಅನ್ನಿಸಿತು.

ಆ ಮಾರ್ಚಿನ ಪಿ.ಯು. ಪರೀಕ್ಷೆ ತಪ್ಪಿತು. ಅದೇ ವರ್ಷ ಎರಡನೇ ಪರೀಕ್ಷೆಗೂ, ಮೂರನೇ ಪರೀಕ್ಷೆಗೂ ಅವಕಾಶ ಇತ್ತು. ಆದರೆ ಅವಸರ ಬೇಡ ಅಂತ ಡಾಕ್ಟರು ಹೇಳಿದರು. ಕಾಲಿಗೆ ಮೊದಲು ವಾಕರ್, ಆಮೇಲೆ ಊರುಗೋಲು. ಮಂಡಿ ಬಗ್ಗಿಸುವ ವ್ಯಾಯಾಮ ಮಾಡಿಸುವಾಗ ಅವನು ಕಿರುಚುತ್ತಿದ್ದ, ನಾವು ಹೊರಗೆ ನಿಂತು ಸೆರಗು ಬಾಯಿಗೆ ಹಿಡಿಯುತ್ತಿದ್ದೆವು. ಅವನು ಮೊದಲು ಹೆಜ್ಜೆ ಇಟ್ಟಾಗ ಓಡಿಹೋಗಿ ತೋಳು ಹಿಡಿದೆವು. ವ್ಯಾಯಾಮ ಮಾಡಿಸುವ ಹುಡುಗಿ ಗದರಿದಳು: "ಅಮ್ಮಾ, ಬಿಡಿ. ನೀವು ಹಿಡಿದಷ್ಟು ದಿನ ಆ ಕಾಲಿಗೆ ಬಲ ಬರಲ್ಲ. ಪಕ್ಕದಲ್ಲಿ ನಿಂತ್ಕೊಳ್ಳಿ, ಬಿದ್ದರೆ ಹಿಡೀರಿ." ಆವತ್ತು ಕಾಲಿಗೆ ಮಾತ್ರ ಹೇಳಿದಳು ಅಂದುಕೊಂಡೆವು.

ದಸರಾ ಹೊತ್ತಿಗೆ ಕೋಲು ಬಿಟ್ಟ. 2025ರ ಮಾರ್ಚಿನಲ್ಲಿ ಪರೀಕ್ಷೆ ಬರೆದ. ಏಪ್ರಿಲ್‌ನಲ್ಲಿ ಫಲಿತಾಂಶ ಬಂತು, ಪ್ರಥಮ ದರ್ಜೆ. ಸಂಘದಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದೆವು. ಆ ರಾತ್ರಿಯೇ ಅವನು, "ಮೈಸೂರಿನಲ್ಲಿ ಬಿ.ಕಾಂ. ಓದ್ತೀನಿ, ಹಾಸ್ಟೆಲಿನಲ್ಲಿ ಇರ್ತೀನಿ" ಅಂದ.

ನಮ್ಮ ಎದೆ ಧಸಕ್ ಅಂತು. ಮೈಸೂರು ಅಂದರೆ ಬಸ್ಸಿನಲ್ಲಿ ಮೂರು ಗಂಟೆ. ರಾತ್ರಿ ತಲೆನೋವು ಬಂದರೆ ಯಾರು ನೋಡ್ತಾರೆ? ರಸ್ತೆ ದಾಟುವಾಗ? ನಾವು ಒಂದೇ ಮಾತು ಹೇಳಿದೆವು: "ಇಲ್ಲೇ ತಾಲ್ಲೂಕಿನ ಕಾಲೇಜಿಗೆ ಹೋಗು, ಸಾಯಂಕಾಲ ಮನೆಗೆ ಬಾ." ಕಾಲೇಜಿನಿಂದ ಸೀಟು ಸಿಕ್ಕಿದೆ ಅಂತ ಫೋನು ನಮ್ಮ ನಂಬರಿಗೆ ಬಂತು. ಅಕ್ಕಂದಿರೇ, ಹೇಳೋಕೆ ನಾಚಿಕೆ. ಎರಡು ದಿನ ಅವನಿಗೆ ಹೇಳಲೇ ಇಲ್ಲ. ಕಟ್ಟುವ ದಿನ ದಾಟಿಹೋದರೆ ತಾನಾಗಿಯೇ ಇಲ್ಲಿ ಉಳೀತಾನೆ ಅಂತ ಒಳಗೊಳಗೇ ಲೆಕ್ಕ ಹಾಕಿದೆವು.

ಮೂರನೇ ದಿನ ಅವನಿಗೆ ಗೊತ್ತಾಯಿತು. ಹಿಂದಿನ ಹಾಗೆ ತಟ್ಟೆ ಎಸೆಯಲಿಲ್ಲ, ಕೂಗಲಿಲ್ಲ. ಜಗಲಿ ಮೇಲೆ ಕೂತು ಮೆಲ್ಲಗೆ ಕೇಳಿದ: "ಅವ್ವಾ, ನನ್ನ ಕಾಲು ವಾಸಿಯಾಯ್ತು. ನಿನ್ನ ಭಯ ಯಾವಾಗ ವಾಸಿಯಾಗೋದು?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ವಾರ ಸಂಘದ ಸಭೆಯಲ್ಲಿ ಸಾಲದ ವಿಷಯ ಮುಗಿದ ಮೇಲೆ ಇದನ್ನು ಹೇಳಿ ಅತ್ತೆವು. ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಅಕ್ಕ ಅಂತಲೇ ಕರೀತೀವಿ. ಅವರು ಕೇಳಿದರು: "ಅವನು ಇಲ್ಲೇ ಇದ್ದಾಗಲೇ ಅಲ್ಲವೇನಮ್ಮ ಗಾಡಿ ಗುದ್ದಿದ್ದು? ನಿನ್ನ ಕಣ್ಣೆದುರು ಇಟ್ಟುಕೊಂಡರೆ ಏನೂ ಆಗಲ್ಲ ಅಂತ ಬರೆದುಕೊಟ್ಟವರು ಯಾರು?" ಆಗ ವ್ಯಾಯಾಮ ಮಾಡಿಸಿದ ಹುಡುಗಿಯ ಮಾತು ಮತ್ತೆ ನೆನಪಾಯಿತು. ಹಿಡಿದಷ್ಟು ದಿನ ಬಲ ಬರಲ್ಲ. ಸೀಟಿನ ಹಣ ಕಟ್ಟಲು ಸಂಘದಿಂದಲೇ 15,000 ರೂಪಾಯಿ ಎರಡನೇ ಸಾಲ ಮಂಜೂರು ಮಾಡಿದರು. ಕೊನೆಯ ದಿನ ಕಟ್ಟಿದೆವು.

ಬಿಡಬೇಕು ಅಂದರೆ ಕಣ್ಣು ಮುಚ್ಚಿ ಬಿಡೋದಲ್ಲ. ಇದ್ದ ಒಂದೂವರೆ ತಿಂಗಳು ನಾವು ತಯಾರಿ ಮಾಡಿದೆವು. ನಿಮಗೂ ಉಪಯೋಗ ಆಗಬಹುದು ಅಂತ ಹೇಳುತ್ತೇವೆ.

ಮೊದಲನೆಯದು, ಅವನನ್ನು ಒಬ್ಬನೇ ಓಡಾಡಲು ಬಿಟ್ಟೆವು. ಅಲ್ಲಿವರೆಗೆ ಹಾಸನಕ್ಕೆ ತಪಾಸಣೆಗೆ ನಾವೇ ಕರಕೊಂಡು ಹೋಗ್ತಿದ್ದೆವು. ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ ಇಲ್ಲ, ಅವನಿಗೆ ಮಾತ್ರ. ಜೂನ್ ತಿಂಗಳ ತಪಾಸಣೆಗೆ ಒಬ್ಬನೇ ಹೋದ. ಡಾಕ್ಟರನ್ನು ತಾನೇ ಪ್ರಶ್ನೆ ಕೇಳಿ, ಉತ್ತರ ಚೀಟಿಯಲ್ಲಿ ಬರೆದುಕೊಂಡು ಬಂದ. ಮನೆಯಲ್ಲಿ ಬಟ್ಟೆ ಒಗೆಯೋದು, ಮಾತ್ರೆ ನೆನಪಿಟ್ಟು ತಗೊಳ್ಳೋದು ಅವನ ಪಾಲಿಗೇ ಬಿಟ್ಟೆವು.

ಎರಡನೆಯದು, ಹಾಸ್ಟೆಲಿನವರ ಹತ್ತಿರ ಮುಚ್ಚುಮರೆ ಮಾಡಲಿಲ್ಲ. ಅವನ ಮಂಡಿ ಇನ್ನೂ ಪೂರ್ತಿ ಬಗ್ಗೋದಿಲ್ಲ, ಕುಕ್ಕರುಗಾಲಲ್ಲಿ ಕೂರಲು ಆಗೋದಿಲ್ಲ. ಸಂಕೋಚಪಟ್ಟು ಸುಮ್ಮನಿದ್ದರೆ ದಿನಾ ಬೆಳಿಗ್ಗೆ ಕಷ್ಟಪಡೋನು ಅವನೇ. ಡಾಕ್ಟರ ಪತ್ರ ಕೊಟ್ಟು, ಕೆಳಗಿನ ಮಹಡಿಯ ಕೋಣೆ, ಕಮೋಡ್ ಇರುವ ಶೌಚಾಲಯ ಕೇಳಿದೆವು. ವಾರ್ಡನ್ ಒಪ್ಪಿಕೊಂಡರು.

ಮೂರನೆಯದು, ಕಾಗದಪತ್ರ. ಎಫ್.ಐ.ಆರ್. ಪ್ರತಿ, ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ, ಬಿಲ್ಲು ಎಲ್ಲಾ ಎರಡು ಪ್ರತಿ ಮಾಡಿ ಒಂದು ಅವನ ಹತ್ತಿರ, ಒಂದು ನಮ್ಮ ಹತ್ತಿರ ಇಟ್ಟುಕೊಂಡೆವು. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿದೆವು. ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿಡಿ. ಅಪಘಾತದಲ್ಲಿ ಶಾಶ್ವತ ಊನವಾಗಿದ್ದರೆ, ಅದು ಶೇಕಡಾ 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಸಿಕ್ಕಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದ ಸೀಟು ಮೀಸಲು. ನಮ್ಮವನಿಗೆ ಅಷ್ಟು ಇಲ್ಲ. ನಿಮ್ಮ ಊರಿನಲ್ಲಿ ಅಂಥ ಮಕ್ಕಳಿದ್ದರೆ ಓದು ಬಿಡಿಸಬೇಡಿ.

ಪರಿಹಾರದ ಕೇಸಿನ ಬಗ್ಗೆಯೂ ಒಂದು ಮಾತು. ಅಪಘಾತವಾದ ಆರು ತಿಂಗಳ ಒಳಗೆ ಅರ್ಜಿ ಹಾಕಬೇಕು ಅಂತ 2022ರ ಏಪ್ರಿಲ್‌ನಿಂದ ನಿಯಮ ಬಂತು. ಆದ್ದರಿಂದ ತಡಮಾಡಬೇಡಿ. ಆಸ್ಪತ್ರೆ ಬಾಗಿಲಲ್ಲೇ ಒಬ್ಬ ಬಂದು "ನಾನು ದುಡ್ಡು ಕೊಡಿಸ್ತೀನಿ, ಇಲ್ಲಿ ಸಹಿ ಹಾಕಿ" ಅಂದ. ಕಾಗದ ಖಾಲಿ ಇತ್ತು. ನಾವು ಹಾಕಲಿಲ್ಲ. ಖಾಲಿ ಕಾಗದಕ್ಕೆ ನೀವೂ ಹಾಕಬೇಡಿ. ಇನ್ನು 2025ರ ಮೇ ತಿಂಗಳಿಂದ ಕೇಂದ್ರ ಸರ್ಕಾರದ ಯೋಜನೆಯೊಂದು ಬಂದಿದೆ: ರಸ್ತೆ ಅಪಘಾತವಾದವರಿಗೆ ಮೊದಲ ಏಳು ದಿನ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಒಂದೂವರೆ ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ. ನಮ್ಮ ಕಾಲಕ್ಕೆ ಇರಲಿಲ್ಲ. ನಿಮಗೆ ಬೇಕಾಗದಿರಲಿ, ಆದರೆ ಗೊತ್ತಿರಲಿ.

ನಾಲ್ಕನೆಯದು, ಮಾತಿನ ಒಪ್ಪಂದ. ದಿನಕ್ಕೆ ಹತ್ತು ಸಲ ಫೋನ್ ಮಾಡೋದಿಲ್ಲ ಅಂತ ನಾವು ಒಪ್ಪಿಕೊಂಡೆವು. ಬುಧವಾರ, ಭಾನುವಾರ ಸಾಯಂಕಾಲ ಅವನೇ ಮಾಡಬೇಕು. ಬೈಕ್ ಹತ್ತುವ ಹಾಗಿದ್ದರೆ, ಹಿಂದೆ ಕೂತರೂ, ಹೆಲ್ಮೆಟ್. ವಾಂತಿಯ ಜೊತೆ ಜೋರು ತಲೆನೋವು, ಫಿಟ್ಸ್, ಅಥವಾ ತೊಡೆ ಕೆಂಪಾಗಿ ಊದಿ ಜ್ವರ ಬಂದರೆ ನಮ್ಮನ್ನು ಕೇಳುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇವನ್ನು ಒಂದು ಹಾಳೆಯಲ್ಲಿ ಬರೆದು ಕೋಣೆಯ ಜೊತೆಗಾರನಿಗೂ ತೋರಿಸಲು ಹೇಳಿದೆವು.

2025ರ ಜುಲೈನಲ್ಲಿ ಬಿಟ್ಟು ಬಂದೆವು. ಚಟ್ನಿಪುಡಿ, ಕೋಡುಬಳೆ, ಹುರಿಹಿಟ್ಟು ಕಟ್ಟಿಕೊಟ್ಟೆವು. ಬಸ್ ಸ್ಟ್ಯಾಂಡಿನಲ್ಲಿ ಚೀಲ ನಾವು ಹೊರೋಕೆ ಹೋದರೆ ಕೈಯಿಂದ ಕಿತ್ತುಕೊಂಡು ತಾನೇ ಹೆಗಲಿಗೆ ಹಾಕಿಕೊಂಡ. ಇನ್ನೂ ಸ್ವಲ್ಪ ಕುಂಟುತ್ತಾನೆ. ಹಾಸ್ಟೆಲ್ ಗೇಟಿನಲ್ಲಿ, "ಇಲ್ಲಿಂದ ನಾನು ಹೋಗ್ತೀನಿ" ಅಂದ. ನಾವು ನಿಂತುಕೊಂಡೆವು. ನಾಲ್ಕು ಮೆಟ್ಟಿಲು ಇದ್ದವು. ಕಂಬಿ ಹಿಡಿದು ಒಂದೊಂದೇ ಹತ್ತಿ, ಮೇಲೆ ಹೋಗಿ ತಿರುಗಿ ಕೈ ಬೀಸಿದ. ಓಡಿಹೋಗಿ ತೋಳು ಹಿಡಿಯಬೇಕು ಅಂತ ಜೀವ ಎಳೀತಿತ್ತು. ಹಿಡಿಯಲಿಲ್ಲ.

ಹೊಳೆನರಸೀಪುರ ಬರುವವರೆಗೂ ಬಸ್ಸಿನಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ಮನೆಗೆ ಬಂದು ಅಭ್ಯಾಸಬಲದಿಂದ ಅವನಿಗೂ ಸೇರಿಸಿ ಮುದ್ದೆ ಮಾಡಿಬಿಟ್ಟೆವು. ಇವತ್ತಿಗೂ ಬುಧವಾರ ಸಾಯಂಕಾಲ ಫೋನು ಐದು ನಿಮಿಷ ತಡವಾದರೆ ಎದೆ ಹೊಡಕೊಳ್ತದೆ. ಭಯ ಪೂರ್ತಿ ವಾಸಿಯಾಗಿಲ್ಲ, ಸುಳ್ಳು ಹೇಳೋದಿಲ್ಲ. ಆದರೆ ಆ ಭಯವನ್ನು ಅವನ ಕಾಲಿಗೆ ಕಟ್ಟೋದು ಬಿಟ್ಟಿದ್ದೇವೆ.

ಅವನ ಊರುಗೋಲು ಬಾಗಿಲ ಹಿಂದೆ ಒರಗಿಕೊಂಡಿತ್ತು. ನಮ್ಮ ಸಂಘದ ಒಬ್ಬರ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು, ಅವರಿಗೆ ಕೊಟ್ಟೆವು. ಕೊಡುವಾಗ ಒಂದು ಮಾತು ಹೇಳಿದೆವು: "ಡಾಕ್ಟರು ಬಿಡಿ ಅಂದ ದಿನ ಬಿಡಿಸಿ, ಆಮೇಲೆ ನಮಗೆ ವಾಪಸ್ ಬೇಡ, ಬೇಕಾದ ಇನ್ನೊಬ್ಬರಿಗೆ ಕೊಡಿ."

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಹುಷಾರಾದ ಮಗನೋ ಮಗಳೋ ಹೊರಗೆ ಹೊರಟು ನಿಂತಿರಬಹುದು. ತಯಾರಿ ಮಾಡಿ, ಕಣ್ಣೀರು ಬಂದರೆ ಅಳಿ, ಆದರೆ ದಾರಿಗೆ ಅಡ್ಡ ನಿಲ್ಲಬೇಡಿ. ಒಬ್ಬರೇ ತಡೆದುಕೊಳ್ಳಲು ಆಗದಿದ್ದರೆ ಸಂಘದಲ್ಲಿ ಹೇಳಿಕೊಳ್ಳಿ. ಉಳಿತಾಯದ ಪುಸ್ತಕದಲ್ಲಿ ಬರೆಯದ ಸಾಲ ಕೂಡ ಅಲ್ಲಿ ಸಿಗ್ತದೆ.