ಗಾಡಿ ಸೀಟಿನ ಬಿಚ್ಚಿದ ಹೊಲಿಗೆ: ಕೌದಿ ಹೊಲಿದ ಕೈಗೆ ಇನ್ನೊಂದು ಕೆಲಸ

(ಚಿಕ್ಕೇರೂರಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಉಳಿತಾಯದ ಲೆಕ್ಕ, ಠರಾವು ಪುಸ್ತಕ ಇವನ್ನೆಲ್ಲ ಇವತ್ತು ಸ್ವಲ್ಪ ಬದಿಗಿಟ್ಟು ಒಂದು ಕೈಕೆಲಸದ ಬಗ್ಗೆ ಮಾತಾಡೋಣ ಅಂತ ಬಂದಿದ್ದೇವೆ. ಕಾರು, ಜೀಪು, ಟಂಟಂ ಇವುಗಳ ಸೀಟಿನ ಹೊಲಿಗೆ ಬಿಚ್ಚಿದರೆ ಅದನ್ನು ಗಾಡಿಯಲ್ಲೇ ಕೂತು, ಕೈಯಿಂದಲೇ ಹೊಲಿದು ಸರಿಮಾಡುವ ಕೆಲಸ. ಕೆಲವರು ನಗಾಕತ್ತೀರಿ. ನಗ್ರಿ, ಆದರೆ ಪೂರ್ತಿ ಕೇಳಿ ನಗ್ರಿ.

ಹೊಲಿಗೆ ತರಬೇತಿ ಅಂದರೆ ನಮ್ಮ ಕಡೆ ಜಂಪರು, ಲಂಗ, ಶಾಲೆ ಮಕ್ಕಳ ಯೂನಿಫಾರ್ಮು ಅಷ್ಟೇ. ಕಲಿತವರು ಹೆಚ್ಚಾದರು, ಹೊಲಿಸುವವರು ಅಷ್ಟೇ ಇದ್ದಾರೆ. ಜಾತ್ರೆ, ಮದುವೆ ಕಾಲದಲ್ಲಿ ನಾಲ್ಕು ದುಡ್ಡು. ಆಮೇಲೆ ಮಷಿನ್ ಮೇಲೆ ಬಟ್ಟೆ ಹೊದಿಸಿ ಇಡುವುದು. ಇನ್ನೊಂದು ಕಡೆ ರಸ್ತೆ ನೋಡ್ರಿ. ಹಿರೇಕೆರೂರಿಗೆ, ಹಂಸಭಾವಿಗೆ ಹೋಗಿ ಬರುವ ಬಾಡಿಗೆ ಗಾಡಿಗಳಲ್ಲಿ ಸೀಟಿನ ಅಂಚು ಬಾಯಿ ಬಿಟ್ಟು ಒಳಗಿನ ಫೋಮ್ ಇಣುಕುತ್ತಿರುತ್ತದೆ. ದಿನಕ್ಕೆ ಎಷ್ಟು ಮಂದಿ ಹತ್ತಿ ಇಳೀತಾರೆ! ಬಾಗಿಲ ಕಡೆಯ ಹೊಲಿಗೆ ಮೊದಲು ಹೋಗುವುದು ಅದಕ್ಕೇ. ರಿಪೇರಿಗೆ ಅಂತ ರಾಣೇಬೆನ್ನೂರಿಗೋ ಹಾವೇರಿಗೋ ಹೋದರೆ ಒಂದು ದಿನದ ಬಾಡಿಗೆ ಹೋಯಿತು. ಹಾಗಾಗಿ ಗಾಡಿಯವರು ಬಿಡುತ್ತಾರೆ, ಗೇಣುದ್ದ ಬಿಚ್ಚಿದ್ದು ಮೊಳದುದ್ದ ಆಗುತ್ತದೆ.

ಇನ್ನು ಮನಸ್ಸಿನಲ್ಲಿರುವ ಮಾತೊಂದನ್ನು ಬಾಯಿಬಿಟ್ಟು ಹೇಳಿಬಿಡೋಣ. "ತೊಗಲು ಹೊಲಿಯೋದು ನಮ್ಮ ಮನೆತನದ ಕೆಲಸ ಅಲ್ಲ" ಅಂತ ಹಿಂದೆ ಕೂತವರು ಪಿಸುಗುಟ್ಟಿದ್ದು ನಮಗೂ ಕೇಳಿಸಿತು. ಅದೇ ತೊಗಲಿನ ಸೀಟಿನ ಮೇಲೆ ಕೂತು ಹೋಗುವಾಗ ಯಾರಿಗೂ ಮೈಲಿಗೆ ಇಲ್ಲ, ಹೊಲಿಯುವಾಗ ಮಾತ್ರ ಐತಿ. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ ಮತ್ತು ಅವನ ಹೆಂಡತಿ ಕಲ್ಯಾಣಮ್ಮ ಇಬ್ಬರೂ ಸೇರಿ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆ ನಿಮಗೆಲ್ಲ ಗೊತ್ತು. ಆ ಕಥೆ ಕೇಳಿ ಕಣ್ಣೊರೆಸಿಕೊಳ್ಳುವ ನಾವು ಆರಿ ಮುಟ್ಟಲು ಹಿಂಜರಿದರೆ ಹೇಗೆ? ಊರಿನ ಚಪ್ಪಲಿ ಹೊಲಿಯುವ ಅಣ್ಣನ ಹತ್ತಿರ ಹೋಗಿ ಕೇಳ್ರಿ. ದಾರಕ್ಕೆ ಮೇಣ ಹಚ್ಚುವುದು, ತೂತು ಹಾಳಾಗದಂತೆ ಎಳೆಯುವುದು, ಇದರಲ್ಲಿ ಅವರಿಗಿಂತ ದೊಡ್ಡ ಗುರು ಇಲ್ಲ. ಕಲಿಸಿದ್ದಕ್ಕೆ ಸಂಘದಿಂದ ಅವರಿಗೆ ಗೌರವಧನವನ್ನೂ ಕೊಡಬೇಕು.

ಈಗ ಕೆಲಸಕ್ಕೆ ಬರೋಣ.

ಮೊದಲು ಸೀಟು ಯಾವುದರದು ನೋಡಬೇಕು. ಹರಿದ ಅಂಚನ್ನು ಸ್ವಲ್ಪ ಮಗುಚಿ. ಹಿಂಬದಿಯಲ್ಲಿ ನೇಯ್ದ ಬಟ್ಟೆ ಕಂಡರೆ ಅದು ರೆಗ್ಜಿನ್. ನಾರುನಾರಾಗಿ, ಜೂಲು ಜೂಲಾಗಿ ಕಂಡರೆ ನಿಜವಾದ ತೊಗಲು. ನಮ್ಮ ಕಡೆಯ ಗಾಡಿಗಳಲ್ಲಿ ಹೆಚ್ಚಿನವು ರೆಗ್ಜಿನ್ನೇ. ಕೆಲಸ ಎರಡಕ್ಕೂ ಒಂದೇ, ಆದರೆ ರೆಗ್ಜಿನ್ ಬೇಗ ಸೀಳುತ್ತದೆ, ಕೈ ಹಗುರ ಇರಬೇಕು.

ಆಮೇಲೆ, ಹೋಗಿದ್ದು ದಾರವೋ ತೊಗಲೋ? ಇದನ್ನು ನೋಡದೆ ಸೂಜಿ ಎತ್ತಬಾರದು. ಬಹಳ ಸಲ ತೊಗಲು ಗಟ್ಟಿಯಾಗಿರುತ್ತದೆ, ಹಳೆಯ ತೂತುಗಳು ಸಾಲಾಗಿ ಕಾಣುತ್ತವೆ, ದಾರ ಮಾತ್ರ ಸವೆದಿರುತ್ತದೆ. ಅಂಥ ಕೆಲಸ ಸುಲಭ. ಹಳೆಯ ತೂತಿನಲ್ಲೇ ಹೊಲಿಯಬೇಕು. ಪಕ್ಕದಲ್ಲಿ ಹೊಸ ತೂತು ಹಾಕಿದರೆ ಅಂಚೆ ಚೀಟಿ ಹರಿದಂತೆ ಸಾಲಿಗೆ ಸಾಲೇ ಹರಿದು ಬರುತ್ತದೆ.

ಬೇಕಾದ ಸಾಮಾನು ಸ್ವಲ್ಪವೇ: ಬಾಗಿದ ಸೂಜಿ, ಗಟ್ಟಿ ನೈಲಾನ್ ಅಥವಾ ಪಾಲಿಯೆಸ್ಟರ್ ದಾರ, ಒಂದು ಚೂರು ಜೇನುಮೇಣ, ಬೆರಳಿಗೆ ಟೋಪಿ, ಕತ್ತರಿ. ಹತ್ತಿಯ ದಾರ ಬೇಡ. ಬಿಸಿಲಿಗೆ, ಬೆವರಿಗೆ ಕೊಳೆಯುತ್ತದೆ. ಚೀಲ ಹೊಲಿಯುವ ದಬ್ಬಳವೂ ಬೇಡ. ಮೆಕ್ಕೆಜೋಳದ ಚೀಲಕ್ಕೆ ಅದು ಸರಿ, ಇಲ್ಲಿ ತೂತು ದೊಡ್ಡದು ಮಾಡುತ್ತದೆ. ನೆಟ್ಟಗಿನ ಸೂಜಿ ಯಾಕೆ ಆಗುವುದಿಲ್ಲ ಅಂದರೆ, ಸೀಟಿನ ಒಳಗಡೆ ನಮ್ಮ ಕೈ ಹೋಗುವುದಿಲ್ಲ. ಹೊರಗಿನಿಂದಲೇ ಚುಚ್ಚಿ ಹೊರಗೇ ತೆಗೆಯಬೇಕು. ಬಾಗಿದ ಸೂಜಿ ಮೀನಿನ ಹಾಗೆ ಮುಳುಗಿ ಏಳುತ್ತದೆ.

ಗಾಡಿಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿದರೆ ತೊಗಲು ಮೆತ್ತಗಾಗಿ ಎಳೆತಕ್ಕೆ ಬರುತ್ತದೆ. ಒದ್ದೆ ಬಟ್ಟೆಯಿಂದ ಅಂಚು ಒರೆಸಿ, ಒಣಗಿಸಿ. ಎಣ್ಣೆ ಹಚ್ಚಬೇಡಿ. ಒಂದು ಗೇಣು ಹೊಲಿಗೆಗೆ ಎರಡು ಮೊಳ ದಾರ ಸಾಕು, ಅದನ್ನು ಮೇಣದ ಮೇಲೆ ಎರಡು ಸಲ ಎಳೆಯಿರಿ.

ಬಿಚ್ಚಿದ ಜಾಗಕ್ಕಿಂತ ಒಂದು ಇಂಚು ಹಿಂದಿನಿಂದ, ಗಟ್ಟಿ ಇರುವ ಹೊಲಿಗೆಯ ಮೇಲಿಂದಲೇ ಶುರುಮಾಡಬೇಕು. ಗಂಟು ಮಡಿಕೆಯ ಒಳಗೆ ಅಡಗಬೇಕು. ಎಡ ಅಂಚಿನ ತೂತಿನಿಂದ ಸೂಜಿ ಹೊರಗೆ ಬಂತು ಅನ್ನಿ. ನೇರ ಎದುರಿಗೆ ಬಲ ಅಂಚಿನ ತೂತಿಗೆ ಹಾಕಿ, ಮಡಿಕೆಯ ಒಳಗಿಂದ ಮುಂದಿನ ತೂತಿನಲ್ಲಿ ತೆಗೆಯಿರಿ. ಅಲ್ಲಿಂದ ಮತ್ತೆ ನೇರ ಎಡಕ್ಕೆ, ಮಡಿಕೆಯೊಳಗೆ ಒಂದು ತೂತು ಮುಂದೆ. ಹೀಗೆ ಹೋದರೆ ನಡುವೆ ದಾರ ಏಣಿಯ ಮೆಟ್ಟಿಲಿನಂತೆ ಕಾಣುತ್ತದೆ. ಐದಾರು ಮೆಟ್ಟಿಲಾದ ಮೇಲೆ, ಒಬ್ಬರು ಅಂಚು ಎರಡನ್ನೂ ಕೂಡಿಸಿ ಹಿಡಿದಿರಲಿ, ಇನ್ನೊಬ್ಬರು ದಾರವನ್ನು ನಿಧಾನ ಎಳೆಯಲಿ. ಮೆಟ್ಟಿಲು ಮಾಯ! ಅಂಚುಗಳು ತುಟಿ ಮುಚ್ಚಿದಂತೆ ಕೂಡುತ್ತವೆ. ಕೌದಿ ಹೊಲಿದವರಿಗೆ ಟಾಕಿಯ ಅಂತರ ಕಣ್ಣಳತೆಯಲ್ಲೇ ಇರುತ್ತದೆ, ಇದಕ್ಕೆ ಬೇಕಾದ ಬಂಡವಾಳ ಅದೇ. ಕೊನೆಗೆ ಗಟ್ಟಿ ಹೊಲಿಗೆಯ ಮೇಲೆ ಒಂದು ಇಂಚು ದಾಟಿ, ಎರಡು ಸಲ ಹಿಂದಕ್ಕೆ ಹೊಲಿದು ಗಂಟು ಹಾಕಿ, ದಾರದ ತುದಿಯನ್ನು ಒಳಗೆ ತೂರಿಸಿ ಕತ್ತರಿಸಿ. ನೈಲಾನ್ ತುದಿ ಸುಡಲು ಕಡ್ಡಿ ಗೀರಬೇಡಿ. ಸೀಟಿನ ಫೋಮಿಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ.

ತೊಗಲೇ ಹರಿದಿದ್ದರೆ ಒಳಗಡೆ ಗಟ್ಟಿ ಬಟ್ಟೆಯ ಪಟ್ಟಿ ಕೊಡಬೇಕು. ಫೋಮಿಗೂ ರೆಗ್ಜಿನಿಗೂ ಬಳಸುವ ರಬ್ಬರ್ ಅಂಟನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಆಮೇಲೆ ಪಟ್ಟಿಯನ್ನೂ ಸೇರಿಸಿ ಹೊಲಿಗೆ. ಕ್ಷಣದಲ್ಲಿ ಹಿಡಿಯುವ ಅಂಟು ಬಳಸಿದರೆ ಅದು ಗಾಜಿನಂತೆ ಬಿರುಸಾಗಿ, ಕೂತಾಗ ಪಕ್ಕದಲ್ಲೇ ಸೀಳುತ್ತದೆ. ಅಂಟಿನ ಡಬ್ಬಿ ಅಡುಗೆಮನೆಯಲ್ಲಿ ಇಡಬಾರದು, ಒಲೆ ಹತ್ತಿರ ತೆಗೆಯಬಾರದು, ಮಕ್ಕಳ ಕೈಗೆ ಸಿಗಬಾರದು.

ಈಗ ಎಲ್ಲಕ್ಕಿಂತ ಮುಖ್ಯ ಮಾತು. ಹೊಸ ಕಾರುಗಳಲ್ಲಿ ಕೆಲವಕ್ಕೆ ಮುಂದಿನ ಸೀಟಿನ ಬೆನ್ನಿನ ಪಕ್ಕದಲ್ಲಿ 'ಏರ್‌ಬ್ಯಾಗ್' ಅಂತ ಬರೆದ ಸಣ್ಣ ಚೀಟಿ ಇರುತ್ತದೆ. ಅಪಘಾತ ಆದಾಗ ಗಾಳಿಚೀಲ ಆ ಹೊಲಿಗೆಯನ್ನು ಹರಿದುಕೊಂಡು ಹೊರಗೆ ಬರಬೇಕು. ಅದಕ್ಕಾಗಿಯೇ ಆ ಹೊಲಿಗೆಯನ್ನು ಬೇಕಂತಲೇ ಬೇಗ ಬಿಚ್ಚುವ ಹಾಗೆ ಹಾಕಿರುತ್ತಾರೆ. ನಾವು ಅಲ್ಲಿ ನಮ್ಮ ಗಟ್ಟಿ ದಾರ ಹಾಕಿದರೆ ಚೀಲ ಸರಿಯಾಗಿ ಬಿಚ್ಚುವುದಿಲ್ಲ, ಕೂತವರ ಜೀವಕ್ಕೇ ಬರುತ್ತದೆ. ಎಷ್ಟು ದುಡ್ಡು ಕೊಡ್ತೀನಿ ಅಂದರೂ ಆ ಪಕ್ಕದ ಹೊಲಿಗೆ ಮುಟ್ಟಬೇಡಿ. "ಕಂಪನಿಯವರ ಹತ್ತಿರ ಹೋಗ್ರಿ ಅಣ್ಣಾ" ಅಂತ ಹೇಳಿ ಕಳಿಸಿ. ಸೀಟಿನ ಕೆಳಗೆ ಹಳದಿ ವೈರು ಕಂಡರೆ ಅದನ್ನೂ ಎಳೆಯಬಾರದು. ಸೀಟು ಬಿಚ್ಚುವ ಕೆಲಸ ನಮ್ಮದಲ್ಲ.

ದರದ ವಿಚಾರ. ಗೇಣಿನ ಲೆಕ್ಕದಲ್ಲಿ ಹೇಳಿ, ಹೊಲಿಯುವ ಮೊದಲೇ ಹೇಳಿ. ಕಲಿಯುವಾಗ ಒಂದು ಗೇಣಿಗೆ ಒಂದು ತಾಸು ಹಿಡಿಯಬಹುದು. ಹೊಲದ ಕೂಲಿಗೆ ಹೋದರೆ ಒಂದು ತಾಸಿಗೆ ಏನು ಬರುತ್ತದೋ ಅದಕ್ಕಿಂತ ಕಡಿಮೆ ಆಗಬಾರದು, ದಾರದ ಖರ್ಚು ಬೇರೆ. "ಹೆಣಮಕ್ಕಳು ಹೊಲಿದಿದ್ದು, ಅರ್ಧ ತಗೋರಿ" ಅನ್ನುವವರು ಬಂದೇ ಬರುತ್ತಾರೆ. ಅವರಿಗೆ ಹೊಲಿಗೆಯನ್ನು ಎರಡೂ ಕೈಯಿಂದ ಎಳೆದು ನೋಡಲು ಹೇಳಿ. ಬಾಡಿಗೆ ಗಾಡಿಯವರಿಗೆ ಉದ್ರಿ ಕೊಡುವುದಾದರೆ ಸಂಘದ ಪುಸ್ತಕದಲ್ಲಿ ಬರೆದೇ ಕೊಡಿ. ಗಾಡಿ ಹತ್ತಿರ ಇಬ್ಬಿಬ್ಬರೇ ಹೋಗಿ, ಕೆಲಸವನ್ನು ಹಗಲು ಹೊತ್ತಿನಲ್ಲಿ, ನಾಲ್ಕು ಮಂದಿ ಓಡಾಡುವ ಜಾಗದಲ್ಲಿ ಇಟ್ಟುಕೊಳ್ಳಿ.

ಇದಕ್ಕಾಗಿ ಬ್ಯಾಂಕಿನ ಸಾಲ ಬೇಡ. ಸೂಜಿ ದಾರಕ್ಕೆ ಸಂಘದ ಒಳಸಾಲವೇ ಹೆಚ್ಚಾಯಿತು. ದೊಡ್ಡ ಮಷಿನ್ ಮಾರುವವರು ಬಂದರೆ ಒಂದು ವರ್ಷ ಕಾಯಿರಿ.

ಮುಂದಿನ ಸಭೆಗೆ ಪ್ರತಿ ಸಂಘದಿಂದ ಇಬ್ಬರು, ಮನೆಯಲ್ಲಿರುವ ಹರಿದ ಬೈಕ್ ಸೀಟಿನ ಕವರೋ ಹಳೆಯ ರೆಗ್ಜಿನ್ ಚೀಲವೋ ತೆಗೆದುಕೊಂಡು ಬನ್ನಿ. ಗುಜರಿಯಿಂದ ಒಂದು ಹಳೆಯ ಕಾರಿನ ಸೀಟು ತರಿಸುತ್ತೇವೆ. ಅದರ ಮೇಲೆ ಎಲ್ಲರೂ ಒಂದೊಂದು ಗೇಣು ಹೊಲಿಯೋಣ, ಆಮೇಲೆ ಗಟ್ಟಿ ಇರುವವರೊಬ್ಬರು ಹತ್ತಿ ಕೂತು ನೋಡಲಿ.