ಫುಟ್‌ಬಾಲ್ ಮತ್ತು ಶುಲ್ಕ



ಬೆಂಗಳೂರಿನ ಅಹಮದ್ ಖಾನ್ ಅವರ ಹೆಸರು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರು ಭಾರತದ ಪರ ಫುಟ್‌ಬಾಲ್ ಆಡಿದರು. ಆ ತಂಡದ ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ!

ಇಂದು ಬೆಂಗಳೂರಿನ ಖಾಸಗಿ ಅಕಾಡೆಮಿಗಳಲ್ಲಿ ಚೆಂಡು ಮುಟ್ಟುವ ಮೊದಲು ಶುಲ್ಕ ಕಟ್ಟಬೇಕು. ಅದು ತಪ್ಪೆಂದು ನಾನು ಹೇಳುವುದಿಲ್ಲ. ತರಬೇತುದಾರನ ಬೆವರಿಗೂ ಕೂಲಿ ಸಲ್ಲಬೇಕು. ಆದರೆ ಬೂಟು, ಸಮವಸ್ತ್ರ, ಬಸ್ ಚಾರ್ಜು ಬೇರೆ. ಮಾಕವಳ್ಳಿ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯುವ ತಂದೆ ಮಗನನ್ನು ಪಂದ್ಯಕ್ಕೆ ಕರೆದೊಯ್ದರೆ ಆ ದಿನದ ಕೂಲಿಯೂ ಹೋಯಿತು. ಇಷ್ಟಾದರೂ, ಹೆಚ್ಚು ಹಣ ಕೊಟ್ಟವರ ಮಗನನ್ನು ಆಡಿಸಿ ಈ ಹುಡುಗನನ್ನು ಹೊರಗೆ ಕೂರಿಸಿದರೆ ಅದು ಅನ್ಯಾಯ.

ಪೋಷಕರೇ, ಹಣ ಕಟ್ಟುವ ಮುನ್ನ ಕೇಳಿ: ಆಯ್ಕೆ ಮಾಡುವವರು ಯಾರು? ಬಡ ಮಕ್ಕಳಿಗೆ ಉಚಿತ ಸ್ಥಾನ ಎಷ್ಟು? ರಸೀದಿ ಕೊಡುತ್ತೀರಾ? ನಮ್ಮ ಸಂಘವೂ ಪುಸ್ತಕದ ನೆರವಿನ ಜೊತೆಗೆ ಒಂದು ಜೊತೆ ಬೂಟಿಗೆ ಹಣ ತೆಗೆದಿಡಲಿ.